ಠರಾವಿನಲ್ಲಿ ಖಾಲಿ ಬಿಟ್ಟ ಜಾಗ

ಹೋದ ತಿಂಗಳು ಗಬ್ಬೂರ ಕಡೆ ಪರಿಚಯದವರ ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ಎಮ್ಮೆಗೆಂದು ಹತ್ತಿಕಾಳು ನೆನೆಹಾಕಿದ್ದರು. ಆ ಹುಳಿಹುಳಿ ಎಣ್ಣೆವಾಸನೆ ಮೂಗಿಗೆ ಬಡಿಯಿತು. ವಾಸನೆ ಬಂದ ಕೂಡಲೇ ಹಳೆಯ ದಿನಗಳು ಕಣ್ಣ ಮುಂದೆ ನಿಂತವು ಎಂದು ಜನ ಬರೆಯುತ್ತಾರೆ. ನನ್ನ ಕಣ್ಣ ಮುಂದೆ ಏನೂ ನಿಲ್ಲಲಿಲ್ಲ. ಯಾರೋ ಈಗ ನನ್ನನ್ನು ಕರೆದು ಏನೋ ಕೇಳಲಿದ್ದಾರೆ ಎಂಬ ಅಂಜಿಕೆ ಮಾತ್ರ ಎದ್ದು ಕೂತಿತು. ಅದು ಯಾವ ವರ್ಷದ ಅಂಜಿಕೆ ಎಂದು ತಿಳಿಯುವಷ್ಟರಲ್ಲಿ ಆ ಮನೆಯವರು ಕೊಟ್ಟ ಚಹಾ ಆರಿಹೋಗಿತ್ತು.

ಮೂವತ್ತರ ದಶಕದ ಒಂದು ವರ್ಷ ಅದು. ದೀಪಾವಳಿಯಿಂದ ಮುಂದಿನ ಮಳೆಗಾಲದವರೆಗೆ ಎಂದಿಟ್ಟುಕೊಳ್ಳಿ; ತಿಂಗಳುಗಳ ವಿಷಯದಲ್ಲಿ ನನ್ನನ್ನು ನಂಬಬೇಡಿ. ಹುಬ್ಬಳ್ಳಿಯ ಅಂಚಿಗೆ ಹತ್ತಿ ಹಿಂಜುವ ಕಾರಖಾನೆಯೊಂದಿತ್ತು. ಒಬ್ಬರದ್ದಲ್ಲ, ಶೇರು ಕೂಡಿಸಿ ಕಟ್ಟಿದ ಕಂಪನಿ. ಐದು ಜನ ಡೈರೆಕ್ಟರು. ನಾಲ್ವರು ದುರ್ಗದಬೈಲಿನ ಹತ್ತಿ ವ್ಯಾಪಾರಸ್ಥರು, ಐದನೆಯವರು ಧಾರವಾಡದ ಕೃಷ್ಣರಾವ್ ವಕೀಲರು. ಅಧ್ಯಕ್ಷರು ಚನ್ನಬಸಪ್ಪ ಸಾವಕಾರರು. ನಾನು ಧಾರವಾಡದ ಸಾಲಿ ಮಾಸ್ತರರೊಬ್ಬರ ಮಗ, ಇಂಟರ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದವನು. ವಕೀಲರ ಶಿಫಾರಸಿನಿಂದ ಅಲ್ಲಿ ಕಾರಕೂನನಾಗಿ ಸೇರಿದ್ದೆ. ಮುಂಜಾನೆಯ ರೈಲಿಗೆ ಹುಬ್ಬಳ್ಳಿ, ಸಂಜೆಯ ರೈಲಿಗೆ ಧಾರವಾಡ. ಇಂಗ್ಲಿಷ್ ಪತ್ರಗಳನ್ನು ಓದಿ ಉತ್ತರ ಬರೆಯುವುದು, ಡೈರೆಕ್ಟರರ ಸಭೆಯ ನಡಾವಳಿ ಬರೆಯುವುದು ನನ್ನ ಕೆಲಸ.

ಆ ಸಭೆಗೆ ಒಂದು ಪದ್ಧತಿಯಿತ್ತು. ಸಭೆಯಲ್ಲಿ ಯಾರೂ ಯಾವ ಮನುಷ್ಯನ ಹೆಸರನ್ನೂ ಎತ್ತುತ್ತಿರಲಿಲ್ಲ. ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂಬ ಮಾತು ಬಂದರೆ ‘ಒಬ್ಬ ಯೋಗ್ಯ ಮನುಷ್ಯ’ ಎಂದಷ್ಟೇ ಅನ್ನುತ್ತಿದ್ದರು. ಯಾಕೆಂದರೆ ಐವರಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಅಳಿಯನೋ ತಂಗಿಯ ಮಗನೋ ಇದ್ದ. ಒಬ್ಬರು ಹೆಸರು ಹೇಳಿದರೆ ಉಳಿದವರೂ ಹೇಳಬೇಕಾಗುತ್ತಿತ್ತು. ಹೇಳಿದ ಹೆಸರು ಬಿದ್ದುಹೋದರೆ ಮುಂದಿನ ಲಗ್ನದಲ್ಲಿ ಮುಖ ಕೊಟ್ಟು ಮಾತಾಡುವಂತಿರಲಿಲ್ಲ. ಅದಕ್ಕೇ ಸಭೆಯ ನಿರ್ಣಯ ಬರೆಯುವ ಠರಾವಿನಲ್ಲಿ ಹೆಸರಿನ ಜಾಗವನ್ನು ಖಾಲಿ ಬಿಟ್ಟು ಎಲ್ಲರೂ ಸಹಿ ಹಾಕಿ ಎದ್ದುಬಿಡುತ್ತಿದ್ದರು. ಆಮೇಲೆ ಯಾವಾಗಲೋ ಸಾವಕಾರರು ಒಂದು ಸೂಚನೆ ಕೊಡುತ್ತಿದ್ದರು, ಕಾರಕೂನ ಅದನ್ನು ತಿಳಿದುಕೊಂಡು ಹೆಸರು ತುಂಬುತ್ತಿದ್ದ. ವಕೀಲರು ಇದಕ್ಕೆ ನಗುತ್ತಿದ್ದರು. “ಮುಸುಕು ಹಾಕಿದ ಮದುಮಗಳು ಇದ್ಹಾಂಗ ನಮ್ಮ ಠರಾವು. ಐದೂ ಮಂದಿ ಅಕ್ಕಿಕಾಳು ಹಾಕ್ತೇವಿ, ಮಾರಿ ಯಾರೂ ನೋಡಿಲ್ಲ.”

ಒಳಗೆ ಕಾಳು ಬಿಡಿಸುವ ಜಿನ್ನು ಯಂತ್ರಗಳಿಗೆ ಹತ್ತಿ ಉಣಿಸುವ ಹೆಂಗಸರದೂ ಇಂಥದೇ ರೀತಿ. ಪ್ರತಿ ಜಿನ್ನಿನ ಮುಂದಿನ ಜಾಗಕ್ಕೂ ಒಬ್ಬ ಒಡತಿ. ಅವಳಿಗೆ ಕೈಲಾಗದಾದಾಗ ಅವಳ ಸೊಸೆ ಅಲ್ಲಿ ಕೂಡುತ್ತಿದ್ದಳು. ಮೇಲೆ ಕುರ್ಚಿಗೆ ಅಳಿಯ, ಕೆಳಗೆ ಜಿನ್ನಿಗೆ ಸೊಸೆ. ಈ ಹೋಲಿಕೆ ಆಗ ನನಗೆ ಹೊಳೆದಿತ್ತು ಎಂದು ಹೇಳಲಾರೆ. ಈಗ ಬರೆಯುವಾಗ ಹೊಳೆಯಿತು, ಹೊಳೆದದ್ದಕ್ಕೇ ಅದರ ಮೇಲೆ ನನಗೆ ಅಷ್ಟು ವಿಶ್ವಾಸವಿಲ್ಲ. ಆ ಹೆಂಗಸರು ಅತ್ತೆಯ ಪಕ್ಕ ವರ್ಷಗಟ್ಟಲೆ ಕೂತು ಕೆಲಸ ಕಲಿತೇ ಜಾಗ ಹಿಡಿಯುತ್ತಿದ್ದರು. ಕುರ್ಚಿಯವರ ಬಗ್ಗೆ ಹಾಗೆ ಹೇಳಲು ಬರುವುದಿಲ್ಲ.

ಇಡೀ ಕಾರಖಾನೆ ಒಂದು ಉಗಿಯ ಎಂಜಿನ್ನಿನ ಮೇಲೆ ನಡೆಯುತ್ತಿತ್ತು. ಅದನ್ನೂ ಅದರ ಬಾಯ್ಲರನ್ನೂ ನೋಡಿಕೊಳ್ಳುವವನು ಮೌಲಾಸಾಬ ಮಿಸ್ತ್ರಿ. ಐವತ್ತು ದಾಟಿದ್ದ. ತೆಳ್ಳಗೆ, ಒಂದು ಕಿವಿಯ ಮೇಲೆ ಯಾವಾಗಲೂ ಸೀಮೆಸುಣ್ಣದ ತುಂಡು. ಯಾವ ಭಾಗ ಮುರಿದರೂ ನೆಲದ ಮೇಲೆ ಅದರ ಚಿತ್ರ ಬರೆದು, ಅದನ್ನೇ ದಿಟ್ಟಿಸುತ್ತ ಕೂತು, ಆಮೇಲೆ ಎದ್ದು ಕೆಲಸಕ್ಕೆ ಕೈಹಾಕುತ್ತಿದ್ದ. ಓದು ಬರುತ್ತಿರಲಿಲ್ಲ.

ಆ ದೀಪಾವಳಿಯ ಹೊತ್ತಿಗೆ ಡೈರೆಕ್ಟರರು ಉಗಿಯನ್ನು ಬಿಟ್ಟು ಎಣ್ಣೆಯ ಎಂಜಿನ್ನು ತರಿಸುವುದೆಂದು ಗಟ್ಟಿಮಾಡಿದರು. ಎಂಜಿನ್ನು ಮಾರುವ ಮುಂಬಯಿಯ ಕಂಪನಿಯಿಂದ ಪತ್ರ ಬಂತು: ಒಬ್ಬ ಮನುಷ್ಯನನ್ನು ಕಳಿಸಿ, ಮೂರು ತಿಂಗಳು ನಮ್ಮ ಕಾರಖಾನೆಯಲ್ಲಿಟ್ಟುಕೊಂಡು ಕಲಿಸುತ್ತೇವೆ. ಒಬ್ಬನೇ, ಇಬ್ಬರಿಗೆ ಜಾಗವಿಲ್ಲ. ಪತ್ರವನ್ನು ಓದಿ ಹೇಳಿದವನು ನಾನೇ, ಹೀಗಾಗಿ ಮಿಸ್ತ್ರಿಗೆ ಅದು ತಿಳಿದದ್ದೂ ನನ್ನಿಂದಲೇ. ಬಾಯ್ಲರು ಹೋದ ಮೇಲೆ ಬಾಯ್ಲರಿನ ಮಿಸ್ತ್ರಿಗೆ ಏನು ಕೆಲಸ? ಮುಂಬಯಿಗೆ ಹೋದರೆ ಅವನು ಮಿಸ್ತ್ರಿಯಾಗಿಯೇ ಉಳಿಯುತ್ತಿದ್ದ. ಹೋಗದಿದ್ದರೆ ಹತ್ತಿಯ ಅಂಡಿಗೆ ಹೊರುವವರ ಸಾಲಿನಲ್ಲಿ ನಿಲ್ಲಬೇಕು. ಇದನ್ನು ಅವನು ನನಗೆ ಬಿಡಿಸಿ ಹೇಳಲಿಲ್ಲ. ಮರುದಿನ ಊಟದ ಹೊತ್ತಿಗೆ ಬಂದು ನನ್ನ ಮೇಜಿನ ಮುಂದೆ ನೆಲದ ಮೇಲೆ ಕೂತ.

“ರಾಯರ, ಆ ಎಂಜಿನ್ನಿನ ಪುಸ್ತಕ ಬಂದೈತೆಂತಲ್ರಿ.”

ಎಂಜಿನ್ನಿಗಿಂತ ಮೊದಲು ಅದರ ಪುಸ್ತಕ ಬಂದಿತ್ತು ನಿಜ. ಅಂದಿನಿಂದ ದಿನಾ ನಾನು ಬುತ್ತಿ ಬಿಚ್ಚಿ ಉಣ್ಣುತ್ತ ಇಂಗ್ಲಿಷಿನ ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುವುದು, ಅವನು ಕೇಳುವುದು. ನನಗೆ ಶಬ್ದಗಳು ಗೊತ್ತಿದ್ದವು, ಅರ್ಥ ಗೊತ್ತಿರಲಿಲ್ಲ. ಅವನಿಗೆ ತಿರುಗುಮುರುಗು. ಒಂದು ದಿನ ‘ಬಹಳ ಕಾದ ಎಂಜಿನ್ನಿಗೆ ತಣ್ಣೀರು ಬಿಡಕೂಡದು’ ಎಂಬ ಸಾಲು ಬಂತು. ಅವನು ನಕ್ಕ.

“ಇದನ್ನ ಪುಸ್ತಕದಾಗ ಬರೀಬೇಕೇನ್ರಿ? ಕಲ್ಲ ಒಡ್ಯಾವ್ರನ್ನ ಕೇಳ್ರಿ. ಬಂಡಿಗಲ್ಲು ಸೀಳೂದ ಹಾಂಗ. ಬೆಂಕಿ ಹಚ್ಚತಾರ, ನೀರ ಹೊಡೀತಾರ.”

“ಇಂಗ್ಲೆಂಡದವರಿಗೆ ಗೊತ್ತಿರಲಿಕ್ಕಿಲ್ಲ ಮಿಸ್ತ್ರಿ.”

“ಅಲ್ಲಿ ನೀರ ತುಟ್ಟಿ ಇರೂದಿಲ್ಲಲ್ರೀ, ಅದಕ್ಕ. ನಮ್ಮ ಟಾಕಿ ಬ್ಯಾಸಿಗ್ಯಾಗ ಎಷ್ಟ ಸಲ ತಳಾ ಕಾಣತೈತಿ ಅಂತ ಅವ್ರಿಗೆ ಯಾರ ಹೇಳ್ಯಾರ?”

ಈ ಕೊನೆಯ ಮಾತನ್ನು ಅವನು ಅಂದು ಆಡಿದನೋ, ಆಮೇಲೆ ಆದದ್ದನ್ನೆಲ್ಲ ನೋಡಿ ನಾನು ಅವನ ಬಾಯಲ್ಲಿ ಇಟ್ಟೆನೋ, ಆಣೆ ಮಾಡಿ ಹೇಳಲಾರೆ. ನಕ್ಕದ್ದು ನಿಜ.

ಸಭೆ ಸೇರಿತು. ಮುಂಬಯಿಗೆ ಒಬ್ಬ ಯೋಗ್ಯ ಮನುಷ್ಯನನ್ನು ಕಳಿಸತಕ್ಕದ್ದು ಎಂದು ಠರಾವಾಯಿತು. ‘ಕಾರಖಾನೆಯ ಕೆಲಸವನ್ನು ಬಲ್ಲ’ ಎಂಬ ಮಾತನ್ನು ವಕೀಲರು ಒತ್ತಾಯ ಮಾಡಿ ಸೇರಿಸಿದರು. ಉಳಿದವರು ಗೋಣು ಹಾಕಿದರು. ಮುಂದೆ ಒಂದು ಗೇಣು ಖಾಲಿ ಜಾಗ, ಅದರ ಕೆಳಗೆ ಐದು ಸಹಿ. ಮಿರ್ಚಿಭಜಿ ತಿಂದು, ಕೈ ಒರೆಸಿಕೊಂಡು, ಜಟಕಾ ಹತ್ತಿ ಹೊರಟರು. ಹಾಳೆ ನನ್ನ ಕೈಯಲ್ಲಿ ಉಳಿಯಿತು.

ಅದಾದ ಮೇಲಿನ ಮೂರು ವಾರಗಳಷ್ಟು ಉದ್ದದ ದಿನಗಳನ್ನು ನಾನು ಮತ್ತೆ ಕಂಡಿಲ್ಲ. ಸಾವಕಾರರಿಂದ ಸೂಚನೆ ಬರಲಿಲ್ಲ. ಅವರ ತಂಗಿಯ ಮಗ ಗುರುಸಿದ್ದಪ್ಪ, ಇಪ್ಪತ್ತೆರಡರ ಪ್ರಾಯದವನು, ಮೆಟ್ರಿಕ್ ಪಾಸಾಗಿ ಮನೆಯಲ್ಲಿದ್ದ. ಮುಂಬಯಿಗೆ ಹೋಗುವ ಆಸೆ ಅವನಿಗಿದೆ ಎಂದು ಪೇಟೆಯಲ್ಲೆಲ್ಲ ಮಾತಿತ್ತು. ಮಿಸ್ತ್ರಿ ದಿನಾ ಬರುತ್ತಿದ್ದ. ಎಂದೂ ನೇರ ಕೇಳುತ್ತಿರಲಿಲ್ಲ. “ಟಪಾಲ ಬಂತೇನ್ರಿ?” ಎನ್ನುತ್ತಿದ್ದ. ಒಮ್ಮೆ, “ಮುಂಬೈದಾಗ ಈಗ ಥಂಡಿ ಇರತೈತೇನ್ರಿ?” ಎಂದ. ಅವನು ಖಾಕಿ ಬಟ್ಟೆಯ ಕೋಟು ಹೊಲಿಸಲು ಹಾಕಿದ್ದಾನೆಂದು ಜಿನ್ನಿನ ಹೆಂಗಸೊಬ್ಬಳು ನನಗೆ ಹೇಳಿದಳು. ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು. ಹೆಸರು ತುಂಬುವ ಮಸಿಯ ಟಾಕು ಯಾರ ಕೈಯಲ್ಲಿದೆ ಎಂದು ಇಡೀ ಕಾರಖಾನೆಗೆ ಗೊತ್ತಿತ್ತು.

ಒಂದು ಸಂಜೆ ರೈಲಿನಲ್ಲಿ ವಕೀಲರು ಸಿಕ್ಕರು. ಹುಬ್ಬಳ್ಳಿಯ ಕೋರ್ಟಿನ ಕೆಲಸ ಮುಗಿಸಿ ಹೊರಟಿದ್ದರು. ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡರು.

“ತುಂಬಿದ್ಯೇನೋ?”

“ಇಲ್ರಿ. ಸಾವಕಾರ್ರು ಇನ್ನೂ ಏನೂ ಅಂದಿಲ್ರಿ.”

“ಅನ್ನೂದಿಲ್ಲ. ಎಂಜಿನ್ನ ತರೂದಕ್ಕ ನಮಗ ಒಂದ ತಾಸು ಸಾಕಾತು. ಅದನ್ನ ನಡಸಾಂವ ಯಾರು ಅಂತ ಬಾಯಿ ಬಿಟ್ಟ ಹೇಳೂದಕ್ಕ ಐದ ಮಂದ್ಯಾಗ ಒಬ್ಬಗೂ ಧೈರ್ಯ ಇಲ್ಲ, ನನ್ನನ್ನೂ ಹಿಡದು. ಕೇಳು. ಮಿಸ್ತ್ರಿ ಹೆಸರು ಬರಿ.”

ನಾನು ಕಿಟಕಿಯ ಹೊರಗೆ ನೋಡಿದೆ.

“ಯಾರರ ಕೇಳಿದ್ರ ವಕೀಲರು ಹೇಳಿದ್ರು ಅನ್ನು. ನನ್ನ ಮ್ಯಾಲ ಹಾಕು. ನಾ ಧಾರವಾಡದಾಂವ, ಅವ್ರ ಲಗ್ನದ ಊಟ ನನಗ ಹ್ಯಾಂಗೂ ಇಲ್ಲ.”

ಆ ರಾತ್ರಿ ನಾನು ಸುಖವಾಗಿ ಮಲಗಿದೆ. ಮರುದಿನ ಕಚೇರಿಗೆ ಹೋಗಿ ಹಾಳೆ ತೆಗೆದೆ. ಮುಂಬಯಿಗೆ ಹೆಸರು ತಿಳಿಸಲು ಇನ್ನೆರಡು ದಿನವಷ್ಟೇ ಉಳಿದಿತ್ತು. ಆದರೂ ಬರೆಯಲಿಲ್ಲ. ಒಂದು ಮಾತು ಸಾವಕಾರರ ಕಿವಿಗೆ ಹಾಕೋಣ ಎಂದು ದುರ್ಗದಬೈಲಿಗೆ ನಡೆದೆ. ಯಾಕೆ ಹೋದೆ? ವಕೀಲರ ಹೆಗಲು ಸಾಲಲಿಲ್ಲ. ಸಾವಕಾರರದೂ ಬೇಕಾಯಿತು.

ಅವರು ಅಂಗಡಿಯ ಗಾದಿಯ ಮೇಲೆ ಕೂತಿದ್ದರು. ಗುರುಸಿದ್ದಪ್ಪ ಅಲ್ಲೇ ಹತ್ತಿಯ ಮಾದರಿಗಳನ್ನು ಬಿಡಿಸಿ ನೋಡುತ್ತಿದ್ದ. ಹೆಸರು ತಿಳಿಸುವ ಗಡುವು ನಾಳೆ ನಾಡಿದ್ದರಲ್ಲಿ ಮುಗಿಯುತ್ತದೆ ಎಂದೆ. ಸಾವಕಾರರು ಎಲೆ ಮಡಿಸುತ್ತ ಇದ್ದರು. ಅದನ್ನು ಬಾಯಿಗೆ ಹಾಕಿಕೊಂಡು, ನನ್ನ ಕಡೆ ನೋಡದೆ, “ಈ ಗುರುಸಿದ್ದಗ ಮುಂಬೈ ಹವಾ ಹಿಡಸ್ತೈತೋ ಇಲ್ಲೋ ಯಾರಿಗ್ಗೊತ್ತು” ಎಂದರು. ಗುರುಸಿದ್ದಪ್ಪ ತಲೆ ಎತ್ತಲಿಲ್ಲ. ನಾನು ನಮಸ್ಕಾರ ಮಾಡಿ ಹೊರಬಿದ್ದೆ.

ಆ ಮಾತನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೆ! ಅದು ಸೂಚನೆಯೇ? ಬರಿಯ ಮಾತೇ? ಆ ಹೊತ್ತಿಗೆ ನನಗೆ ಸಂಶಯ ಬರಲಿಲ್ಲ. ಕಚೇರಿಗೆ ಬಂದು, ಟಾಕು ಎರಡು ಸಲ ಒರೆಸಿ, ಗುರುಸಿದ್ದಪ್ಪನ ಹೆಸರು ಬರೆದೆ. ಜಾಗ ಹೆಚ್ಚಾಗಿತ್ತು. ಅಕ್ಷರಗಳನ್ನು ದೂರದೂರ ಬಿಡಿಸಿ ಬರೆದು ತುಂಬಿಸಿದೆ.

ಮಿಸ್ತ್ರಿಗೆ ನಾನು ಹೇಳಲಿಲ್ಲ. ಪೇಟೆಯಿಂದ ಸುದ್ದಿ ಬಂತು. ಅಂದು ಅವನು ಊಟದ ಹೊತ್ತಿಗೆ ಬರಲಿಲ್ಲ. ಅದರ ಮರುದಿನ ಬಂದು, ಪುಸ್ತಕ ಎಲ್ಲಿಗೆ ನಿಂತಿತ್ತು ಎಂದು ಕೇಳಿದ. ನಾನು ತಲೆನೋವೆಂದೆ. ಮತ್ತೆ ನಾವು ಅದನ್ನು ಓದಲಿಲ್ಲ.

ಗುರುಸಿದ್ದಪ್ಪ ಕೆಟ್ಟವನಲ್ಲ. ಮುಂಬಯಿಯಲ್ಲಿ ಹೇಳಿಕೊಟ್ಟದ್ದನ್ನೆಲ್ಲ ಚೆಂದದ ಅಕ್ಷರದಲ್ಲಿ ಬರೆದುಕೊಂಡು ಬಂದ. ಅಂಗಿಗೆ ಎಣ್ಣೆ ಹತ್ತಿದರೆ ಬೇಸರ ಪಡುತ್ತಿರಲಿಲ್ಲ. ಶಿವರಾತ್ರಿಯ ಸುತ್ತಮುತ್ತ ಎಂಜಿನ್ನು ಬಂತು, ಪೂಜೆಯಾಯಿತು, ಶುರುವಾಯಿತು. ಉಗಿಯ ಬುಸುಗುಡುವಿಕೆ ಹೋಗಿ ಢಗ್ ಢಗ್ ಎಂಬ ಒಣ ಸದ್ದು ಬಂತು. ಅದು ಎಂಟು ದಿನ ಸರಿಯಾಗಿ ನಡೆದದ್ದೇ ಸಾಕೆಂದು ಡೈರೆಕ್ಟರರು ಹಳೆಯ ಬಾಯ್ಲರನ್ನು ಮಾರಿಬಿಟ್ಟರು. ಅದನ್ನು ಬಂಡಿಗೆ ಏರಿಸುವ ಕೆಲಸಕ್ಕೆ ಮಿಸ್ತ್ರಿಯನ್ನೇ ಹಚ್ಚಿದ್ದರು. ಆಮೇಲೆ ಅವನಿಗೆ ಜಿನ್ನುಗಳ ಪಟ್ಟಾ ಬಿಗಿಯುವ, ಎಣ್ಣೆ ಬಿಡುವ ಕೆಲಸ ಕೊಟ್ಟರು. ಹೆಸರಿಗೆ ಮಿಸ್ತ್ರಿಯೇ.

ಬೇಸಿಗೆ ಆ ವರ್ಷ ಬೇಗ ಏರಿತು. ಹತ್ತಿಯ ಬಂಡಿಗಳು ಬಾಗಿಲಿನಿಂದ ರಸ್ತೆಯವರೆಗೆ ಸಾಲುಗಟ್ಟಿ ನಿಂತಿದ್ದವು. ನನಗೆ ದಿನಾ ಮುಂಜಾನೆ ರೈಲು ಹುಬ್ಬಳ್ಳಿ ಸಮೀಪಿಸಿದಂತೆ ಕಿವಿ ಎಂಜಿನ್ನಿನ ಸದ್ದನ್ನು ಹುಡುಕುತ್ತಿತ್ತು. ರೈಲಿಗೆ ಅದು ಕೇಳುವಷ್ಟು ಹತ್ತಿರವಿರಲಿಲ್ಲ. ಆದರೂ ಹುಡುಕುತ್ತಿತ್ತು. ಕಾರಖಾನೆಯ ಬಾಗಿಲಿಗೆ ಬಂದು ಢಗ್ ಢಗ್ ಕೇಳಿದ ಮೇಲೆಯೇ ಉಸಿರು ಸರಾಗವಾಗುತ್ತಿತ್ತು. ನಾನು ಅಂಜಿದ್ದು ಎಂಜಿನ್ನಿಗಲ್ಲ. ಅದು ನಿಂತರೆ ಆ ಹಾಳೆಯನ್ನು ಯಾರಾದರೂ ತೆಗೆದು ನೋಡುತ್ತಾರೆ ಎಂಬುದಕ್ಕೆ.

ಒಂದು ಮಧ್ಯಾಹ್ನ ನೀರಿನ ಬಂಡಿ ತಡವಾಯಿತು. ಎಂಜಿನ್ನನ್ನು ತಣ್ಣಗಿಡುವ ಟಾಕಿಯ ತಳ ಕಂಡಿತು. ಎಂಜಿನ್ನು ಕಾದು ಕೆಂಡವಾದದ್ದು ತಿಳಿಯುವ ಹೊತ್ತಿಗೆ ಬಂಡಿ ಬಂತು. ಕೊಡಗಳಲ್ಲಿ ನೀರು ತುಂಬಿ ಲಗೂ ಟಾಕಿಗೆ ಸುರಿಯಿರಿ ಎಂದು ಗುರುಸಿದ್ದಪ್ಪ ಅವಸರ ಮಾಡಿದ. ಮಿಸ್ತ್ರಿ ಅಡ್ಡ ಬಂದ.

“ನಿಲ್ರಿ ಧಣ್ಯಾರ. ಬಂದ ಮಾಡ್ರಿ, ಆರಲಿ. ಒಂದೆರಡ ತಾಸು ಹೋದ್ರ ಹೋಗವಲ್ದ್ಯಾಕ.”

“ಮೂರ ತಿಂಗಳ ಕಲತ ಬಂದಾಂವ ನಾನೋ ನೀನೋ, ಮಿಸ್ತ್ರಿ?”

“ನೀವ ರೀ.”

ಅಷ್ಟು ಹೇಳಿ ಮಿಸ್ತ್ರಿ ಪಕ್ಕಕ್ಕೆ ಸರಿದು ನಿಂತನಂತೆ. ಮುಂಬಯಿಯ ಆ ಕಾರಖಾನೆಯಲ್ಲಿ ನಳದ ನೀರು ಹಗಲಿರುಳೂ ಹರಿಯುತ್ತಿತ್ತಂತೆ. ಬತ್ತಿದ ಟಾಕಿಯನ್ನು ಗುರುಸಿದ್ದಪ್ಪ ಅಲ್ಲಿ ನೋಡಿಯೇ ಇರಲಿಲ್ಲ. ನೀರು ಬಿತ್ತು. ಎಂಜಿನ್ನಿನ ತಲೆ ಸೀಳಿತು. ಆ ಸದ್ದು ನನ್ನ ಕಿವಿಯಲ್ಲಿ ಈಗಲೂ ಇದೆ, ಒಣಗಿದ ಹಲಗೆ ಮುರಿದಂಥ ಸದ್ದು. ಆದರೆ ಆ ಹೊತ್ತಿಗೆ ನಾನು ಅಲ್ಲಿರಲಿಲ್ಲ. ಯಾವುದೋ ಪತ್ರಕ್ಕೆ ಸಹಿ ತರಲು ದುರ್ಗದಬೈಲಿಗೆ ಹೋಗಿದ್ದೆ, ಮೇಲಿನ ಮಾತುಗಳನ್ನೆಲ್ಲ ಆಮೇಲೆ ಹೆಂಗಸರು ಹೇಳಿದ್ದು. ಕೇಳದ ಸದ್ದು ಕಿವಿಯಲ್ಲಿ ಹೇಗೆ ಉಳಿಯಿತೋ ಗೊತ್ತಿಲ್ಲ.

ಹೊಸ ತಲೆ ವಿಲಾಯತಿಯಿಂದ ಬರಬೇಕು, ತಿಂಗಳುಗಟ್ಟಲೆಯ ಮಾತು. ಬಾಯ್ಲರು ಹೋಗಿಬಿಟ್ಟಿತ್ತು. ಹತ್ತಿಯ ಬಂಡಿಗಳು ಬೇರೆ ಕಾರಖಾನೆಗಳ ದಾರಿ ಹಿಡಿದವು, ಹೆಂಗಸರು ಅವುಗಳ ಬೆನ್ನು ಹತ್ತಿದರು. ಅಲ್ಲಿನ ಜಿನ್ನುಗಳ ಮುಂದೆ ಅವರ ಅತ್ತೆಯರ ಜಾಗಗಳಿರಲಿಲ್ಲ. ಹತ್ತಿ ಆರಿಸುವ, ಕಸ ಹೊಡೆಯುವ ಕೆಲಸ ಸಿಕ್ಕಿತು. ಮಿಸ್ತ್ರಿಗೆ ಅದೂ ಸಿಗಲಿಲ್ಲ.

ಡೈರೆಕ್ಟರರು ಸೇರಿ ‘ಆಕಸ್ಮಿಕ’ ಎಂದು ಠರಾವು ಮಾಡಿದರು. ಸಭೆ ಮುಗಿದ ಮೇಲೆ ಸಾವಕಾರರು ನನ್ನೊಬ್ಬನನ್ನು ನಿಲ್ಲಿಸಿಕೊಂಡರು. ಸಿಟ್ಟಿರಲಿಲ್ಲ. ದಣಿದಿದ್ದರು.

“ಕುಲಕರ್ಣಿ, ಆ ಖಾಲಿ ಜಾಗಾ ನಿನ್ನ ಕೈಯಾಗ ಯಾಕ ಬಿಟ್ಟಿದ್ದೆ ಅನಕೊಂಡಿ?”

“ತಾವು ಅಂಗಡ್ಯಾಗ ಗುರುಸಿದ್ದಪ್ಪನ ಮಾತ ತಗದ್ರಿ...”

“ಅವ ಅಲ್ಲೇ ಕುಂತಿದ್ದ. ಅವನ ಮುಂದ ನಾ ಬ್ಯಾರೆ ಏನ ಅನ್ನಲಿ? ನೀ ಮಿಸ್ತ್ರಿ ಹೆಸರ ಬರದಿದ್ರ, ಕಾರಕೂನ ಬರದ ಕಳಿಸಿಬಿಟ್ಟಾನವಾ, ಇನ್ನೇನ ಮಾಡೂದು ಅಂತ ತಂಗಿಗೆ ಹೇಳತಿದ್ದೆ. ನಿನ್ನನ್ನ ಎರಡ ಬೈದಿರತಿದ್ದೆ. ಅಷ್ಟ.”

ಇದು ಖರೇ ಇತ್ತೋ, ಕೆಟ್ಟ ಮೇಲೆ ಕೈ ತೊಳೆದುಕೊಂಡರೋ, ಇಂದಿಗೂ ತಿಳಿಯದು. ಎರಡಕ್ಕೂ ಸಾಕ್ಷಿ ಕೊಡಬಲ್ಲೆ. ಖರೇ ಇದ್ದರೆ ಇಡೀ ಕಂಪನಿಯಲ್ಲಿ ಯಾರಿಗೂ ಗುರುಸಿದ್ದಪ್ಪ ಬೇಡವಾಗಿದ್ದ, ನನ್ನೊಬ್ಬನ ಹೊರತು.

ಅದೇ ವಾರ ಮಿಸ್ತ್ರಿ ನನ್ನ ಹತ್ತಿರ ಬಂದ. ಉಪ್ಪಿನಬೆಟಗೇರಿಯಲ್ಲಿ ಮಗಳಿದ್ದಳು, ಅಲ್ಲಿಗೆ ಹೋಗುವವನಿದ್ದ. ಖಾಕಿ ಕೋಟು ಹಾಕಿಕೊಂಡಿದ್ದ. ಆ ಸೆಖೆಯಲ್ಲಿ ಗುಂಡಿಗಳನ್ನೂ ಹಾಕಿಕೊಂಡಿದ್ದ. ನೆಲದ ಮೇಲೆ ಕೂಡಲಿಲ್ಲ.

“ರಾಯರ, ಒಂದ ಮಾತು. ಅವತ್ತ ಸಭಾದಾಗ ನನ್ನ ಹೆಸರ ಬಂದಿತ್ತೇನ್ರಿ?”

ಇಲ್ಲ ಎನ್ನಬೇಕಿತ್ತು. ಯಾರ ಹೆಸರೂ ಬಂದಿರಲಿಲ್ಲ, ಖಾಲಿ ಜಾಗ ನನ್ನ ಕೈಯಲ್ಲಿತ್ತು, ನಾನೇ ತುಂಬಿದೆ ಎನ್ನಬೇಕಿತ್ತು. ಮೂರೇ ಮಾತು.

“ಬಂದಿತ್ತು ಮಿಸ್ತ್ರಿ,” ಎಂದೆ.

ಅವನ ಮುಖ ಅರಳಿತು. ಅದು ನನಗೆ ತಡೆಯದಾಯಿತು.

“ಹೌದಾ? ಮತ್ತ... ಬ್ಯಾಡ ಅಂದವ್ರು ಯಾರ್ರಿ?”

ಒಂದು ಸುಳ್ಳು ಹೇಳಿದರೆ ಅದಕ್ಕೊಂದು ಹೆಸರು ಬೇಕಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಸಾವಕಾರರೆಂದರೆ ಅವನು ನೆಟ್ಟಗೆ ದುರ್ಗದಬೈಲಿಗೆ ಹೋಗಿ ಕೇಳಿಯಾನು. ಉಳಿದ ಮೂವರೂ ಅದೇ ಪೇಟೆಯವರು. ‘ನನ್ನ ಮ್ಯಾಲ ಹಾಕು’ ಎಂದವರು ಒಬ್ಬರಿದ್ದರು.

“ವಕೀಲರು,” ಎಂದೆ.

ಅವನು ಕೋಟಿನ ಮೇಲಿನ ಗುಂಡಿ ಬಿಚ್ಚಿದ. “ಅವರಾ,” ಎಂದ. “ಅವ್ರಿಗೆ ನಾ ಏನ ಮಾಡಿದ್ದೆ?” ನನ್ನನ್ನು ಕೇಳಿದ್ದಲ್ಲ ಅದು. ಸಲಾಮು ಮಾಡಿ ಹೋದ.

ರೋಹಿಣಿ ಮಳೆ ಒಂದೆರಡು ಸಲ ಬಂದುಹೋಗಿತ್ತು. ಒಂದು ಸಂಜೆ ವಕೀಲರೂ ನಾನೂ ಧಾರವಾಡದ ಸ್ಟೇಶನ್ನಿನಲ್ಲಿ ಇಳಿದೆವು. ಹೊರಗೆ ಬೇವಿನ ಗಿಡದ ಕೆಳಗೆ ಮೌಲಾಸಾಬ ನಿಂತಿದ್ದ, ಕೈಯಲ್ಲಿ ಒಂದು ಪಂಪಿನ ಕೊಳವೆ. ಉಪ್ಪಿನಬೆಟಗೇರಿಯ ಗೌಡರ ತೋಟದ್ದಿರಬೇಕು. ವಕೀಲರು ಕೈ ಎತ್ತಿದರು.

“ಏನ್ ಮಿಸ್ತ್ರಿ, ಆರಾಮಿದ್ದೀಯಾ?”

ಮೌಲಾಸಾಬ ಅವರನ್ನು ನೋಡಿದ, ಪೂರಾ ನೋಡಿದ. ಆಮೇಲೆ ಕೊಳವೆಯನ್ನು ಹೆಗಲಿಗೇರಿಸಿ, ಬೆನ್ನು ತಿರುಗಿಸಿ ನಡೆದ. ಈ ಬರಹದಲ್ಲಿ ಬೇರೆ ಯಾವುದು ಹೆಚ್ಚುಕಡಿಮೆಯಾದರೂ ಇದು ಮಾತ್ರ ನಡೆದದ್ದು ನಡೆದಂತೆಯೇ ಇದೆ. ವಕೀಲರ ಎತ್ತಿದ ಕೈ ಇಳಿಯಲು ಎಷ್ಟು ಹೊತ್ತು ಹಿಡಿಯಿತು ಎಂಬುದು ನನಗೆ ಗೊತ್ತಿದೆ.

“ನನ್ನ ಗುರ್ತ ಹತ್ತಲಿಲ್ಲೇನೋ ಅವಗ?”

“ಕಣ್ಣ ಮಂಜಾಗ್ಯಾವಂತ್ರಿ,” ಎಂದೆ.

“ಅಯ್ಯ ಪಾಪ. ಅಂಥಾ ಕೆಲಸಗಾರ.” ಅವರು ಅಲ್ಲೇ ನಿಂತು ಜೇಬಿನಿಂದ ಡೈರಿ ತೆಗೆದು, ಒಂದು ಹಾಳೆ ಹರಿದು, ಡೈರಿಯ ಮೇಲೆಯೇ ಇಟ್ಟುಕೊಂಡು ತಮ್ಮ ಪರಿಚಯದ ಕಣ್ಣಿನ ಡಾಕ್ಟರರಿಗೆ ನಾಲ್ಕು ಸಾಲು ಬರೆದರು. ಮೌಲಾಸಾಬ ಮಿಸ್ತ್ರಿ ಎಂದು ಪೂರ್ತಿ ಹೆಸರು ಹಾಕಿ, ಬಲ್ಲ ಮನುಷ್ಯ, ಕಾಳಜಿಯಿಂದ ನೋಡತಕ್ಕದ್ದು ಎಂದು ಬರೆದು ನನ್ನ ಕೈಗಿಟ್ಟರು. “ಓಡು, ಅಲ್ಲೇ ಹೊಂಟಾನ ನೋಡು. ಕೊಟ್ಟ ಬಾ.”

ನಾನು ಓಡಿದೆ. ಅವರಿಗೆ ಕಾಣುವಷ್ಟು ದೂರ ಓಡಿದೆ. ತಿರುವಿನಲ್ಲಿ ನಿಂತು, ಚೀಟಿಯನ್ನು ಮಡಿಸಿ ಒಳಜೇಬಿಗೆ ಹಾಕಿಕೊಂಡು, ಅವನು ಇನ್ನೂ ಕಾಣುತ್ತಿರುವಾಗಲೇ ತಿರುಗಿ ಬಂದೆ.

“ಕೊಟ್ಟ್ಯೇನೋ?” ಎಂದರು.

“ಕೊಟ್ಟೆರಿ.”